ಇನ್ನೂ ಹಾಸದ ನೆಲ

ಹೆಲ್ಮೆಟ್ ಮೊದಲು ಬಿತ್ತು. ಹದಿನೆಂಟನೇ ಮೆಟ್ಟಿಲಿನಿಂದ ಹೊರಟು ಒಂದೊಂದು ಮೆಟ್ಟಿಲಿಗೂ ‘ಟಕ್’ ಎಂದು ಹಾಜರಿ ಹಾಕುತ್ತಾ ಕೆಳಗಿಳಿಯಿತು. ಅದರ ಹಿಂದೆಯೇ ಸುರುಳಿ ಸುತ್ತಿದ ನಕ್ಷೆಗಳು ಬಿಚ್ಚಿಕೊಳ್ಳುತ್ತಾ ಉರುಳಿದವು. ಕೊನೆಗೆ ಒಂದು ಪೆನ್ಸಿಲ್.

“ನಾನು ಬಿದ್ದಿಲ್ಲ!” ಎಂದು ಮೇಲಿನಿಂದ ಧ್ವನಿ ಬಂತು. “ಸಾಮಾನು ಮಾತ್ರ!”

ಕೆಳಗೆ ನಿಂತಿದ್ದ ಮಗಳು ಹೆಲ್ಮೆಟ್ಟನ್ನು ನೆಲ ಮುಟ್ಟುವ ಮೊದಲೇ ಹಿಡಿದಳು. ಹಿಡಿದವಳಿಗೆ ಸುಮ್ಮನಿರಲಾಗಲಿಲ್ಲ, ತಲೆಗೇರಿಸಿಕೊಂಡಳು. ಅದು ಕಿವಿಯ ತನಕ ಇಳಿಯಿತು.

“ತೆಗಿ ಅದನ್ನ,” ಎಂದರು ಬಾಗಿಲ ಬಳಿ ಚಹಾ ಕುಡಿಯುತ್ತಿದ್ದ ಅಪ್ಪ. ನಗುತ್ತಾ ಹೇಳಿದ ಮಾತಲ್ಲ ಅದು.

ಅವಳು ತೆಗೆದಳು.

ಅಪ್ಪ ಗೋಡೆ ಕಟ್ಟುವ ಮೇಸ್ತ್ರಿ. ಮೂವತ್ತು ವರ್ಷದಿಂದ ಅದೇ ಕೆಲಸ. ಅಂಗೈಯಷ್ಟು ಉದ್ದದ ಒಂದು ಮಟ್ಟಗೋಲು ಸದಾ ಅವರ ಜೇಬಿನಲ್ಲಿರುತ್ತದೆ. ಅದರ ಗಾಜಿನ ಕೊಳವೆಯೊಳಗಿನ ಗುಳ್ಳೆ ನಡುವೆ ನಿಂತರೆ ಜಗತ್ತು ಸರಿಯಾಗಿದೆ ಎಂದು ಅರ್ಥ. ನೆಂಟರ ಮನೆಗೆ ಹೋದರೆ ಊಟದ ಮೇಜಿನ ಮೇಲೂ ಅದನ್ನಿಟ್ಟು ನೋಡಿ, ಹೆಂಡತಿಯಿಂದ ಬೈಸಿಕೊಂಡೇ ಬರುತ್ತಾರೆ. ಹೆಂಡತಿಗೆ ಹೊಲಿಗೆ ಕೆಲಸ. ಬೀದಿಗೆಲ್ಲ ಅವರು ಟೈಲರಮ್ಮ. ಮಗಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಳೆ, ಗಣಿತ ಓದುತ್ತಾಳೆ. ಮೇಲೆ ಕಂಬಿ ಹಿಡಿದು ನಿಂತಿರುವವಳು ಎರಡು ವಾರದ ಹಿಂದೆ ಮಹಡಿಯ ಕೋಣೆಗೆ ಬಾಡಿಗೆಗೆ ಬಂದವಳು. ಬಸ್ ನಿಲ್ದಾಣದ ಆಚೆ ಏಳುತ್ತಿರುವ ದೊಡ್ಡ ಆಸ್ಪತ್ರೆ ಕಟ್ಟಡದಲ್ಲಿ ಸೈಟ್ ಎಂಜಿನಿಯರ್. ಬಿಸಿಲಿರಲಿ ಮಳೆಯಿರಲಿ ಕಾಲಿಗೆ ದಪ್ಪ ಬೂಟು. ಹಾಗಾಗಿ ಮೂರನೇ ದಿನಕ್ಕೇ ಬೀದಿಯ ಮಕ್ಕಳು ಅವಳನ್ನು ಬೂಟಕ್ಕ ಮಾಡಿಬಿಟ್ಟಿದ್ದರು.

“ಹದಿನೆಂಟನೇದಾ?” ಎಂದು ಹೊಲಿಗೆ ಯಂತ್ರದ ಹಿಂದಿನಿಂದ ಟೈಲರಮ್ಮ ಕೇಳಿದರು.

“ಹದಿನೆಂಟನೇದೇ!”

“ಹಾಗಾದ್ರೆ ಬಿಡು, ಇವತ್ತಿಂದ ನೀನೂ ಈ ಮನೆಯವಳಾದೆ.”

ಆ ಕೊನೆಯ ಮೆಟ್ಟಿಲಲ್ಲಿ, ಅಂದರೆ ಮಹಡಿಯ ನೆಲದ ಅಂಚಿನಲ್ಲಿ, ಎಡವದವರಿಲ್ಲ. ಅಂಚೆಯವನು ಎಡವಿದ್ದಾನೆ. ಮೀಟರ್ ನೋಡಲು ಬಂದವನು ಮೀಟರ್ ನೋಡದೆ ಮಂಡಿ ನೋಡಿಕೊಂಡು ಹೋಗಿದ್ದಾನೆ. ಮನೆಯ ಬೆಕ್ಕು ಹದಿನೇಳನೆಯದರಿಂದ ನೇರ ಮಹಡಿಗೆ ಹಾರುತ್ತದೆ. ಟೈಲರಮ್ಮನಂತೂ ಬಟ್ಟೆ ಒಣಹಾಕಲು ಹೋದಾಗಲೆಲ್ಲ ಒಂದು ಸಲ ಮುಗ್ಗರಿಸಿ, ಒಂದು ಸಲ ಗಂಡನಿಗೆ ಬೈದು, ಆಮೇಲೇ ಮೇಲೆ ಕಾಲಿಡುತ್ತಾರೆ.

ಮೇಸ್ತ್ರಿಯ ಉತ್ತರ ಮಾತ್ರ ಹದಿನಾಲ್ಕು ವರ್ಷದಿಂದ ಬದಲಾಗಿಲ್ಲ. “ಮೆಟ್ಟಿಲು ಸರಿಯಾಗಿದೆ. ನಿಮ್ಮ ಕಾಲು ಸರಿಯಿಲ್ಲ.”

ಆ ಸಂಜೆಯೂ ಅದನ್ನೇ ಹೇಳಿದರು. ಹೇಳಿ, ಎದ್ದು ಮೇಲೆ ಹೋಗಿ, ಹದಿನೆಂಟನೇ ಮೆಟ್ಟಿಲಿನ ಮೇಲೆ ಮಟ್ಟಗೋಲು ಇಟ್ಟರು. “ನೋಡಮ್ಮ. ಗುಳ್ಳೆ ಎಲ್ಲಿದೆ?”

“ನಡುವೆ ಇದೆ,” ಎಂದಳು ಬೂಟಕ್ಕ.

“ಮತ್ತೆ?”

“ಮೇಸ್ತ್ರಿಗಳೇ, ಗುಳ್ಳೆ ಸುಳ್ಳು ಹೇಳ್ತಿಲ್ಲ. ನೀವು ಅದಕ್ಕೆ ಬೇರೆ ಪ್ರಶ್ನೆ ಕೇಳ್ತಿದ್ದೀರಿ. ಮೆಟ್ಟಿಲು ವಾಲಿದ್ಯಾ ಅಂತ ಕೇಳಿದ್ರೆ ಅದು ಇಲ್ಲ ಅನ್ನುತ್ತೆ. ಎಷ್ಟು ಎತ್ತರ ಇದೆ ಅಂತ ಅದನ್ನ ಯಾರೂ ಕೇಳಿಲ್ಲ.” ಅವಳು ಜೇಬು ತಡಕಿದಳು. “ನನ್ನ ಟೇಪು ಸೈಟಲ್ಲೇ ಉಳೀತು.”

“ಅಮ್ಮನ ಟೇಪಿದೆ,” ಎಂದು ಮಗಳು ಆಗಲೇ ಒಳಗೆ ಓಡಿದ್ದಳು.

ಬಟ್ಟೆ ಅಳೆಯುವ ಹಳದಿ ಟೇಪು ಹಿಡಿದು ಅವಳು ಕೆಳಗಿನಿಂದ ಶುರುಮಾಡಿದಳು. ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಎತ್ತರ ಎಷ್ಟು? ಆರೂವರೆ ಇಂಚು. ಎರಡನೆಯದು? ಆರೂವರೆ. ಮೂರನೆಯದು? ಆರೂವರೆ. ಒಂದೊಂದನ್ನೂ ಕೂಗುತ್ತಾ ಹತ್ತಿದಳು. ಹತ್ತನೆಯದರ ಹೊತ್ತಿಗೆ ಮೇಸ್ತ್ರಿಯ ಎದೆ ಸ್ವಲ್ಪ ಉಬ್ಬಿತ್ತು. ಹದಿನೇಳರ ತನಕ ಒಂದು ಕೂದಲೆಳೆಯೂ ಆಚೀಚೆ ಇಲ್ಲ.

“ಹದಿನೆಂಟು,” ಎಂದಳು ಮಗಳು. ಟೇಪನ್ನು ಮತ್ತೊಮ್ಮೆ ಹಿಡಿದು ನೋಡಿದಳು. “ಎಂಟೂವರೆ.”

ಬೆಕ್ಕು ಹಾರಿ ಹೋಯಿತು.

“ಹದಿನೇಳು ಸಲ ಆರೂವರೆ ಎತ್ತಿದ ಕಾಲು ಹದಿನೆಂಟನೇ ಸಲವೂ ಅಷ್ಟೇ ಎತ್ತುತ್ತೆ,” ಎಂದಳು ಬೂಟಕ್ಕ. “ಎರಡು ಇಂಚು ಜಾಸ್ತಿ ಇದೆ ಅಂತ ಅದಕ್ಕೇನು ಗೊತ್ತು? ಬೆರಳು ಹೋಗಿ ಅಂಚಿಗೆ ತಾಗುತ್ತೆ.”

“ನಾನು ತಪ್ಪಾಗಿ ಕಟ್ಟೋನಲ್ಲ,” ಎಂದರು ಮೇಸ್ತ್ರಿ. ಧ್ವನಿ ಇಳಿದಿತ್ತು.

ಮಗಳು ಮೆಟ್ಟಿಲ ಮೇಲೆ ಕುಳಿತು, ಮಹಡಿಯ ನೆಲವನ್ನು ಬೆರಳಿನಿಂದ ಸವರಿದಳು. ಬೂದು ಬಣ್ಣದ ಕಲ್ಲಿನ ಹಾಸು. “ಅಪ್ಪ, ಮೆಟ್ಟಿಲು ಕಟ್ಟಿದಾಗ ಈ ಕಲ್ಲು ಇತ್ತಾ?”

“ಎಲ್ಲಿತ್ತು? ಬರೀ ಕಾಂಕ್ರೀಟು ಇತ್ತು. ಕಲ್ಲು ಹಾಸಿದ್ದು ಎರಡು ವರ್ಷ ಆದ್ಮೇಲೆ.”

“ನಿನ್ನ ಮುಂದಿನ ಹಲ್ಲು ಬಿದ್ದ ವರ್ಷ,” ಎಂದು ಟೈಲರಮ್ಮ ಕೆಳಗಿನಿಂದ ಖಚಿತಪಡಿಸಿದರು.

ಮನೆಯನ್ನು ಮೇಸ್ತ್ರಿ ರಜಾದಿನಗಳಲ್ಲಿ ಕಟ್ಟಿದ್ದು. ಒಂದು ವರ್ಷ ಗೋಡೆ, ಒಂದು ವರ್ಷ ಮೆಟ್ಟಿಲು, ಇನ್ನೆಂದೋ ನೆಲ. ಪರರ ಕಟ್ಟಡದಲ್ಲಿ ಎತ್ತರ ಇಷ್ಟು, ಅಗಲ ಇಷ್ಟು ಎಂದು ಹೇಳುವವರು ಇರುತ್ತಿದ್ದರು. ತನ್ನ ಮನೆಯಲ್ಲಿ ಯಾರೂ ಇರಲಿಲ್ಲ. ನಕ್ಷೆಯೂ ಇರಲಿಲ್ಲ.

“ಕಲ್ಲು ಒಂದು ಇಂಚು, ಕೆಳಗಿನ ಗಾರೆ ಒಂದು ಇಂಚು,” ಎಂದಳು ಮಗಳು. “ಒಟ್ಟು ಎರಡು. ನೀವು ಮೆಟ್ಟಿಲು ಕಟ್ಟಿದ ದಿನ ಹದಿನೆಂಟೂ ಸರಿಯಾಗೇ ಇತ್ತು ಅಪ್ಪ. ಆಮೇಲೆ ನೆಲ ಮೇಲೆದ್ದು ಬಂತು. ಆ ಎರಡು ಇಂಚನ್ನ ಮೊದಲೇ ಹದಿನೆಂಟಕ್ಕೂ ಹಂಚಿಬಿಟ್ಟಿದ್ರೆ ಒಂದೊಂದಕ್ಕೆ ಎರಡು ನಾಣ್ಯದ ದಪ್ಪನೂ ಬರ್ತಿರ್ಲಿಲ್ಲ. ಯಾರ ಕಾಲಿಗೂ ಗೊತ್ತಾಗ್ತಿರ್ಲಿಲ್ಲ.”

“ಅಂದ್ರೆ ಮಡಿಕೆಗೆ ಬಟ್ಟೆ ಬಿಡದೆ ಕತ್ತರಿಸಿದ್ದೀರಿ!” ಟೈಲರಮ್ಮ ಕತ್ತರಿ ಹಿಡಿದುಕೊಂಡೇ ಹೊರಗೆ ಬಂದರು. “ಅಯ್ಯೋ ದೇವರೇ, ಇಷ್ಟೇನಾ? ಇದು ನನಗೇ ಗೊತ್ತಲ್ಲ! ಲಂಗಕ್ಕೆ ಅಂಚು ಮಡಚಬೇಕಾದ್ರೆ ಎರಡು ಇಂಚು ಮೊದಲೇ ಬಿಡ್ತೀವಿ. ಹದಿನಾಲ್ಕು ವರ್ಷದಿಂದ ನನ್ನ ಕಾಲಿಗೆ ಬೈದ್ರಲ್ಲ ರೀ!”

ಮೊದಲು ನಕ್ಕವರು ಯಾರೋ ತಿಳಿಯದು. ಆದರೆ ಮೇಸ್ತ್ರಿಯೂ ನಕ್ಕರು, ಮಟ್ಟಗೋಲನ್ನು ಜೇಬಿಗೆ ಹಾಕಿಕೊಂಡು.

“ಇನ್ನೂ ಹಾಸದ ನೆಲವನ್ನ ಲೆಕ್ಕಕ್ಕೆ ಹಿಡಿಯೋದು,” ಎಂದಳು ಬೂಟಕ್ಕ, ಉರುಳಿದ ನಕ್ಷೆಗಳನ್ನು ಸುತ್ತುತ್ತಾ. “ನಮ್ಮ ಸೈಟಲ್ಲಿ ಇದಕ್ಕೇ ಅಂತ ಜನ ಇದ್ದಾರೆ. ನಿಮ್ಮ ಮಗಳು ಈಗ ಹತ್ತು ನಿಮಿಷದಲ್ಲಿ ಮಾಡಿದ್ಲಲ್ಲ, ಅದು ಒಂದು ಉದ್ಯೋಗ.”

ನಗು ನಿಂತಿತು. ಎಲ್ಲರ ಕಣ್ಣೂ ಹೊಲಿಗೆ ಯಂತ್ರದ ಕಡೆ ಹೋಯಿತು.

ಯಂತ್ರದ ಪಕ್ಕ, ದಾರದುಂಡೆಗಳ ಡಬ್ಬಿಯ ಅಡಿಯಲ್ಲಿ, ನಾಲ್ಕು ದಿನದಿಂದ ಒಂದು ಅರ್ಜಿ ಬಿದ್ದಿತ್ತು. ಕಾಲೇಜಿನಲ್ಲಿ ಹಂಚಿದ್ದು. ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಅದೇ ಆಸ್ಪತ್ರೆ ಕಟ್ಟಡದ ಸೈಟಿನಲ್ಲಿ ಆರು ತಿಂಗಳ ತರಬೇತಿ. ಯಾವ ವಿಷಯ ಓದಿದವರೂ ಸೇರಬಹುದು. ನಕ್ಷೆ ಓದುವುದು, ಅಳತೆ ತೆಗೆಯುವುದು, ಎಷ್ಟು ಇಟ್ಟಿಗೆ ಎಷ್ಟು ಕಬ್ಬಿಣ ಬೇಕೆಂದು ಮುಂಚೆಯೇ ಹೇಳುವುದು, ಯಾವ ಕೆಲಸದ ಹಿಂದೆ ಯಾವ ಕೆಲಸ ಎಂದು ಜೋಡಿಸುವುದು, ಇಷ್ಟನ್ನು ಕಲಿಸುತ್ತಾರೆ. ಶುಕ್ರವಾರ ಕೊನೆಯ ದಿನ. ಕೆಳಗೆ ಮನೆಯವರ ಸಹಿಗೆ ಜಾಗವಿತ್ತು. ಅದು ಖಾಲಿಯಾಗಿತ್ತು.

ಮಗಳಿಗೆ ಇಪ್ಪತ್ತೊಂದು. ಸಹಿ ಇಲ್ಲದೆಯೂ ಸೇರಬಹುದೆಂದು ಕಾಲೇಜಿನವರೇ ಹೇಳಿದ್ದರು. “ಆದ್ರೆ ನನಗೆ ಅಪ್ಪನ ಸಹಿನೇ ಬೇಕು,” ಎಂದು ಅವಳು ಹಟ ಹಿಡಿದಿದ್ದಳು. ಮೂವತ್ತು ವರ್ಷ ಸೈಟಿನಲ್ಲಿದ್ದವರು ಬೇಡ ಎನ್ನುವ ಕಡೆ ಹೇಗೆ ಹೋಗುವುದು?

ಅದೇ ಶುಕ್ರವಾರ ಇನ್ನೊಬ್ಬರಿಗೂ ಉತ್ತರ ಹೇಳಬೇಕಿತ್ತು. ಟೈಲರಮ್ಮನ ತಮ್ಮ ಒಂದು ಸಾಮಾನು ಸಾಗಣೆ ಕಚೇರಿಯಲ್ಲಿ ಹಿರಿಯ ಗುಮಾಸ್ತ. ಅಲ್ಲೊಂದು ಜಾಗ ಖಾಲಿಯಾಗಿತ್ತು. “ನೆರಳಿನ ಕೆಲಸ ಅಕ್ಕ. ಬೆಳಿಗ್ಗೆ ಕೂತರೆ ಸಂಜೆ ಏಳೋದು. ರಸೀದಿಗೆ ಮುದ್ರೆ ಒತ್ತೋದು ಅಷ್ಟೇ,” ಎಂದು ವರ್ಣಿಸಿದ್ದ. ಮೇಸ್ತ್ರಿಗೆ ಆ ‘ನೆರಳು’ ಎಂಬ ಮಾತು ಹಿಡಿಸಿಬಿಟ್ಟಿತ್ತು.

“ನಾನು ಬಿಸಿಲಲ್ಲಿ ನಿಂತಿದ್ದು ಇವಳು ನಿಲ್ಲಬಾರದು ಅಂತ,” ಎಂದರು ಮೇಸ್ತ್ರಿ, ಮೆಟ್ಟಿಲ ಮೇಲೇ ಕುಳಿತು. “ಅಷ್ಟೇ ಅಲ್ಲ. ಸೈಟಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿರ್ಲಿಲ್ಲ. ‘ಏಯ್’ ಅಂದ್ರೆ ತಿರುಗಿ ನೋಡ್ಬೇಕು. ನಾಳೆ ನನ್ನ ಮಗಳನ್ನೂ ಯಾರೋ ‘ಏಯ್’ ಅನ್ಬೇಕಾ?”

“ಅಂತಾರೆ,” ಎಂದಳು ಬೂಟಕ್ಕ. “ನನಗೂ ಅಂದಿದ್ರು, ಮೊದಲನೇ ವಾರ.”

“ಏನ್ಮಾಡ್ದೆ?”

“ನಾನೂ ‘ಏಯ್’ ಅಂದೆ. ಗಾಬರಿಯಾಗಿ ಹೆಸರು ಕೇಳಿದ್ರು.”

ಟೈಲರಮ್ಮ ಕತ್ತರಿಯನ್ನು ಚಪ್ಪಾಳೆಯಂತೆ ಕಚಕಚ ಆಡಿಸಿದರು.

“ನಗೋದಲ್ಲ,” ಎಂದರು ಮೇಸ್ತ್ರಿ. “ಕಟ್ಟಡ ಮುಗಿದ್ರೆ ಕೆಲಸ ಮುಗೀತು. ಆಮೇಲೆ?”

“ಆಮೇಲೆ ಮುಂದಿನ ಕಟ್ಟಡ. ಇದು ನನ್ನ ಐದನೇದು. ನೀವೇ ಹೇಳಿ, ಕೆಲಸ ಇಲ್ದೆ ಎಷ್ಟು ದಿನ ಕೂತಿದ್ದೀರಿ?”

“ಅವರು ಮನೇಲಿ ಕೂತಿದ್ದನ್ನ ನಾನು ನೋಡೇ ಇಲ್ಲ,” ಎಂದು ಟೈಲರಮ್ಮ ನಡುವೆ ಬಾಯಿಹಾಕಿದರು. “ಜ್ವರ ಬಂದಾಗಲೂ ಪಕ್ಕದ ಮನೆಯ ಕಾಂಪೌಂಡ್ ನೋಡಿ ಸೊಟ್ಟಗಿದೆ ಅಂತಿದ್ರು.”

“ನಾನು ಬಣ್ಣ ಬಳಿದು ಹೇಳ್ತಿಲ್ಲ ಮೇಸ್ತ್ರಿಗಳೇ,” ಎಂದಳು ಬೂಟಕ್ಕ. “ಧೂಳಿದೆ. ಕೆಲವು ದಿನ ಹೊತ್ತಾಗುತ್ತೆ. ತರಬೇತಿಯಲ್ಲಿ ಕೈಗೆ ಸಿಗೋದೂ ಕಮ್ಮಿ. ಎಲ್ಲ ಸೈಟೂ ಒಳ್ಳೇದಲ್ಲ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದ್ರೆ ನೀವು ನೋಡಿರೋದು ಗೋಡೆಯ ಕಡೆಯಿಂದ. ಗುರುವಾರ ಬಂದು ಇನ್ನೊಂದು ಕಡೆಯಿಂದಲೂ ನೋಡಿ. ಆಮೇಲೂ ಬೇಡ ಅನ್ನಿಸಿದ್ರೆ ನಾನು ಈ ಮಾತೇ ಎತ್ತಲ್ಲ.”

ಮೇಸ್ತ್ರಿ ಚಹಾ ಲೋಟದ ತಳ ನೋಡಿದರು. “ಆಯ್ತು. ನೋಡೋಕೇನು?”

“ನಾನೂ ಬರ್ತೀನಿ,” ಎಂದರು ಟೈಲರಮ್ಮ.

ಗುರುವಾರ ಬೆಳಿಗ್ಗೆ ಗೇಟಿನಲ್ಲೇ ತಡೆದರು. ಸುರಕ್ಷತೆ ನೋಡಿಕೊಳ್ಳುವ ಯುವಕ ಮೂವರಿಗೂ ಹೆಲ್ಮೆಟ್ ಕೊಟ್ಟ. ಟೈಲರಮ್ಮನ ದಪ್ಪ ತುರುಬಿನ ಮೇಲೆ ಅದು ಕೂರಲಿಲ್ಲ, ಹಾಲಿನ ಪಾತ್ರೆಯ ಮುಚ್ಚಳದಂತೆ ಕುಣಿಯಿತು.

“ತುರುಬು ಕೆಳಗೆ ಕಟ್ಕೊಳ್ಳಿ ಅಮ್ಮ, ಇಲ್ಲಾಂದ್ರೆ ಒಳಗೆ ಬಿಡೋಕಾಗಲ್ಲ.”

“ಒಂದೇ ಒಂದು ಸಲಕ್ಕೆ...”

“ಇಟ್ಟಿಗೆಗೆ ಒಂದೇ ಸಲ ಅಂತ ಗೊತ್ತಾಗಲ್ಲ ಅಮ್ಮ.”

ಟೈಲರಮ್ಮ ಗೊಣಗುತ್ತಾ ತುರುಬು ಇಳಿಸಿದರು. “ನೀನೇನಪ್ಪ ಓದಿರೋದು?”

“ಇತಿಹಾಸ.”

“ಇತಿಹಾಸಕ್ಕೂ ಇಲ್ಲಿಗೂ ಏನು?”

“ಆಮೇಲೆ ಸುರಕ್ಷತೆಯ ಒಂದು ವರ್ಷದ ಕೋರ್ಸ್ ಮಾಡಿದೆ. ಹಿಂದೆ ಯಾರು ಹೇಗೆ ಬಿದ್ರು ಅಂತ ತಿಳ್ಕೊಂಡ್ರೆ ಮುಂದೆ ಯಾರೂ ಬೀಳಲ್ಲ. ಅದೂ ಇತಿಹಾಸನೇ.”

ದಾರಿಯಲ್ಲಿ ಒಂದು ಕೊಠಡಿಯಿಂದ ‘ಢಬ್’ ಎಂಬ ಸದ್ದು ಬಂತು. ರಸಾಯನಶಾಸ್ತ್ರ ಓದಿದ ಒಬ್ಬಳು, ಇಪ್ಪತ್ತೆಂಟು ದಿನ ನೀರಿನಲ್ಲಿಟ್ಟಿದ್ದ ಕಾಂಕ್ರೀಟಿನ ಗಟ್ಟಿಗಳನ್ನು ಯಂತ್ರಕ್ಕೆ ಕೊಟ್ಟು, ಎಷ್ಟು ಭಾರಕ್ಕೆ ಒಡೆಯುತ್ತವೆ ಎಂದು ಬರೆದುಕೊಳ್ಳುತ್ತಿದ್ದಳು. ಮೇಸ್ತ್ರಿ ಬಾಗಿಲಲ್ಲಿ ನಿಂತುಬಿಟ್ಟರು.

“ನಾವು ಕಟ್ಟೋಕೆ ಕೂಲಿ ಇಸ್ಕೊಂಡ್ವಿ. ಇವಳಿಗೆ ಒಡೆಯೋಕೆ ಸಂಬಳ!”

“ಇಲ್ಲಿ ಒಡೆದು ನೋಡಿದ್ರೆ ಅಲ್ಲಿ ಒಡೆಯಲ್ಲ ತಾತ,” ಎಂದಳು ಅವಳು, ತಲೆ ಎತ್ತದೆ.

‘ತಾತ’ ಎಂದದ್ದಕ್ಕೆ ಮೇಸ್ತ್ರಿಗೆ ಸ್ವಲ್ಪ ಬೇಸರವಾಯಿತು. ಟೈಲರಮ್ಮನಿಗೆ ಬಹಳ ಸಂತೋಷವಾಯಿತು.

ಬೂಟಕ್ಕನ ಕಚೇರಿ ತಗಡಿನ ಒಂದು ಶೆಡ್ಡು. ಒಳಗೆ ಉದ್ದನೆಯ ಮೇಜು, ಎರಡು ಫ್ಯಾನು, ಗೋಡೆಯ ತುಂಬ ನಕ್ಷೆ. ಬಾಗಿಲ ಹೊಸಿಲಿನಲ್ಲಿ ಮೇಸ್ತ್ರಿಯ ಕಾಲು ನಿಂತಿತು. ಮೂವತ್ತು ವರ್ಷದಲ್ಲಿ ಇಂಥ ಎಷ್ಟೋ ಶೆಡ್ಡುಗಳ ಹೊರಗೆ ನಿಂತು, ಕಿಟಕಿಯಿಂದ ಹೇಳಿದ್ದನ್ನು ಕೇಳಿಸಿಕೊಂಡು ಹೋಗಿದ್ದರು. ಒಳಗೆ ಹೋದದ್ದಿಲ್ಲ. ಅವರು ಕಾಲನ್ನು ಒರಸುಚಾಪೆಗೆ ಉಜ್ಜಿದರು. ಮತ್ತೊಮ್ಮೆ ಉಜ್ಜಿದರು.

“ಬನ್ನಿ, ಇಲ್ಲಿ ಕೂತ್ಕೊಳ್ಳಿ,” ಎಂದು ದಪ್ಪ ಕನ್ನಡಕದ ಒಬ್ಬ ತರುಣಿ ಸ್ಟೂಲು ಎಳೆದುಕೊಟ್ಟಳು. ವಾಣಿಜ್ಯ ಓದಿದವಳು. ಅವಳ ಹಿಂದಿನ ಗೋಡೆಯ ಮೇಲೆ ಬಣ್ಣಬಣ್ಣದ ನೂರಾರು ಚೀಟಿಗಳು. ಒಂದೊಂದು ಚೀಟಿ ಒಂದೊಂದು ಕೆಲಸ. ಯಾವುದರ ಹಿಂದೆ ಯಾವುದು, ಯಾವ ವಾರ, ಎಲ್ಲವನ್ನೂ ನೋಡಿಕೊಳ್ಳುವವಳು ಅವಳೇ.

ಬೂಟಕ್ಕ ಮೇಜಿನ ಮೇಲೆ ಒಂದು ಹಾಳೆ ಬಿಡಿಸಿದಳು. “ಮೇಲಿನ ಮಹಡಿ. ಮುಂದಿನ ತಿಂಗಳ ಕೆಲಸ. ನೋಡಿ ಮೇಸ್ತ್ರಿಗಳೇ.”

“ನನಗೆ ಇದು ಓದೋಕೆ ಬರಲ್ಲಮ್ಮ.”

“ನಾನು ಓದ್ತೀನಿ ಅಪ್ಪ,” ಎಂದಳು ಮಗಳು. ಕಾಲೇಜಿನ ಶಿಬಿರದಲ್ಲಿ ಎರಡು ದಿನ ನಕ್ಷೆ ಓದುವುದನ್ನು ಹೇಳಿಕೊಟ್ಟಿದ್ದರು. ಬೆರಳಿಟ್ಟು ನಿಧಾನವಾಗಿ ಹೇಳತೊಡಗಿದಳು. “ಇದು ಗೋಡೆ, ಒಂಬತ್ತು ಇಂಚು. ಇಲ್ಲೊಂದು ಚಿಕ್ಕ ಕೋಣೆ, ಆರು ಅಡಿಗೆ ಆರು ಅಡಿ. ಬಾಗಿಲು ಎರಡೂವರೆ ಅಡಿ. ಒಳಗೆ ದುಂಡಗಿರೋದು ನೀರಿನ ತೊಟ್ಟಿ. ನಾಲ್ಕು ಅಡಿ ಅಗಲ.”

ಮೇಸ್ತ್ರಿ ಕಣ್ಣು ಮುಚ್ಚಿದರು. ತುಟಿ ಸ್ವಲ್ಪ ಅಲುಗುತ್ತಿತ್ತು. ತಲೆಯೊಳಗೆ ಇಟ್ಟಿಗೆಯ ಮೇಲೆ ಇಟ್ಟಿಗೆ ಏಳುತ್ತಿದೆ ಎಂದು ಹೆಂಡತಿಗೆ ಮಾತ್ರ ಗೊತ್ತಾಯಿತು.

“ತೊಟ್ಟಿ ಅಲ್ಲೇ ಕಟ್ಟೋದಾ? ಇಲ್ಲಾ ರೆಡಿ ಬರುತ್ತಾ?” ಎಂದು ಕಣ್ಣು ತೆರೆಯದೆ ಕೇಳಿದರು.

ಮಗಳು ಹಾಳೆಯ ಅಂಚಿನ ಸಣ್ಣ ಅಕ್ಷರ ಹುಡುಕಿದಳು. “ಕಾರ್ಖಾನೆಯಿಂದ ಇಡಿಯಾಗಿ ಬರುತ್ತೆ.”

“ಯಾವಾಗ?”

ಕನ್ನಡಕದವಳು ಗೋಡೆ ನೋಡಿದಳು. “ಕೋಣೆ ಮುಗಿದು ಮೂರು ವಾರಕ್ಕೆ.”

“ಮೇಲೆ ತಾರಸಿ?”

“ಅದೂ ಕೋಣೆಯ ಜೊತೆಗೇ ಮುಗಿಯುತ್ತೆ.”

ಮೇಸ್ತ್ರಿ ಕಣ್ಣು ಬಿಟ್ಟರು. ಮುಖ ನಿಧಾನಕ್ಕೆ ಅರಳಿತು. “ಹಾಗಾದ್ರೆ ಎರಡೂವರೆ ಅಡಿ ಬಾಗಿಲಲ್ಲಿ ನಾಲ್ಕು ಅಡಿ ತೊಟ್ಟಿನ ಹೇಗಮ್ಮ ತೂರಿಸ್ತೀರಿ? ಸೂಜಿಗೆ ದಾರದ ಥರ ಎಂಜಲು ಹಚ್ಚಿ?”

ಕನ್ನಡಕದವಳು ನಕ್ಷೆ ನೋಡಿದಳು, ಗೋಡೆ ನೋಡಿದಳು, ಬೂಟಕ್ಕನ ಮುಖ ನೋಡಿದಳು. ಬೂಟಕ್ಕನ ಬಾಯಿ ತೆರೆದೇ ಇತ್ತು. ಆಮೇಲೆ ಎಲ್ಲರೂ ಒಟ್ಟಿಗೆ ನಕ್ಕರು. ಮೇಸ್ತ್ರಿಯಂತೂ ಸ್ಟೂಲಿನ ಮೇಲೆ ಕುಸಿದು ಕುಳಿತು, ಹೆಲ್ಮೆಟ್ ಕಣ್ಣಿಗಿಳಿಯುವ ತನಕ ನಕ್ಕರು.

“ನಾಲ್ಕು ಜನ ನೋಡಿದ್ದೀವಿ ಈ ಹಾಳೆನ,” ಎಂದಳು ಬೂಟಕ್ಕ ಕಣ್ಣೊರೆಸಿಕೊಳ್ಳುತ್ತಾ. “ತಪ್ಪೇನೂ ಇರ್ಲಿಲ್ಲ ಹಾಳೆಯಲ್ಲಿ. ಕೋಣೆ ಸರಿ, ತೊಟ್ಟಿ ಸರಿ. ಒಳಗೆ ಹೋಗೋದನ್ನೇ ಯಾರೂ ಯೋಚಿಸ್ಲಿಲ್ಲ.”

“ಒಂದು ಬದಿ ಗೋಡೆ ಕಟ್ಟಬೇಡಿ. ತೊಟ್ಟಿ ಬಂದು ಕೂತ್ಮೇಲೆ ಮುಚ್ಚಿ. ಎರಡು ದಿನದ ಕೆಲಸ.”

ಕನ್ನಡಕದವಳು ಒಂದು ಹಳದಿ ಚೀಟಿ ಕಿತ್ತು ಮೂರು ವಾರ ಮುಂದಕ್ಕೆ ಅಂಟಿಸಿದಳು. ಅಷ್ಟೇ. ಕಟ್ಟಿದ ಗೋಡೆಯನ್ನು ಒಡೆಯಬೇಕಾಗಿದ್ದ ತಾಪತ್ರಯ, ಅಂಟು ಮೆತ್ತಿದ ಒಂದು ತುಂಡು ಕಾಗದದಲ್ಲಿ ಮುಗಿದುಹೋಯಿತು.

ಮೇಸ್ತ್ರಿ ಆ ಚೀಟಿಯನ್ನೇ ನೋಡುತ್ತಿದ್ದರು. ಅವರ ಕೈಯಿಂದ ಎಷ್ಟು ಗೋಡೆ ಒಡೆಸಿದ್ದರು ಮೂವತ್ತು ವರ್ಷದಲ್ಲಿ! ಸಂಜೆ ಕಟ್ಟಿದ್ದನ್ನು ಬೆಳಿಗ್ಗೆ ‘ಏಯ್, ಒಡಿ ಅದನ್ನ’ ಎಂದಾಗ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೂ ತಿಳಿಯುತ್ತಿರಲಿಲ್ಲ. ತಪ್ಪು ಹುಟ್ಟುವ ಜಾಗ ಇದು, ಈ ಮೇಜು. ಇಲ್ಲಿ ಕುಳಿತು ಹಾಳೆ ಓದುವವರಿಗೆ ಗೋಡೆಯ ಸಂಕಟ ಗೊತ್ತಿದ್ದರೆ?

ಮೇಜಿನ ಆಚೆ ಮಗಳು ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿಕೊಳ್ಳುತ್ತಿದ್ದಳು. ಗೋಡೆ ಕಟ್ಟುವವನ ಮನೆಯಲ್ಲಿ ಹುಟ್ಟಿದವಳು.

“ಇನ್ನೊಂದು ಹಾಳೆ ಓದು ಮರಿ,” ಎಂದರು ಮೇಸ್ತ್ರಿ.

ಮಧ್ಯಾಹ್ನದ ಸೈರನ್ ಆಗುವ ತನಕ ಓದಿದಳು. ಅಷ್ಟರಲ್ಲಿ ಟೈಲರಮ್ಮ, ಸುರಕ್ಷತೆಯವನ ಅಂಗಿಯ ಹರಿದ ತೋಳಿಗೆ ಹೊಲಿಗೆ ಹಾಕಿಕೊಟ್ಟು ಅವನ ಮನೆಯ ವಿಷಯವನ್ನೆಲ್ಲ ತಿಳಿದುಕೊಂಡಿದ್ದರು.

ಇಷ್ಟಾದ ಮೇಲೂ ಮೇಸ್ತ್ರಿ ಸಹಿ ಹಾಕಲಿಲ್ಲ. ಶುಕ್ರವಾರ ಬೆಳಿಗ್ಗೆ ಬೂಟಕ್ಕ ಕೆಲಸಕ್ಕೆ ಹೊರಟಾಗ ತಡೆದು ನಿಲ್ಲಿಸಿದರು. ಅರ್ಜಿಯ ಹಿಂಬದಿಯಲ್ಲಿ ಬಡಗಿಯ ಪೆನ್ಸಿಲಿನಿಂದ ಏನೇನೋ ಗೀಚಿಟ್ಟುಕೊಂಡಿದ್ದರು.

“ಸೇರಿಸ್ಕೊಂಡಿದ್ದೀವಿ ಅಂತ ಕಾಗದ ಕೊಡ್ತಾರಾ, ಬರೀ ಬಾಯಿಮಾತಾ?”

“ಕಾಗದ ಕೊಡ್ತಾರೆ. ಕೊಡೋ ತನಕ ಶುರು ಮಾಡ್ಬೇಡ ಅಂತ ನಾನೇ ಹೇಳ್ತೀನಿ.”

“ಹೆಲ್ಮೆಟ್ಟು, ಬೂಟು ಯಾರದ್ದು?”

“ಅವರದ್ದೇ. ಅವಳ ಅಳತೆಯ ಬೂಟೇ ಕೇಳ್ಬೇಕು. ದೊಡ್ಡದು ಕೊಟ್ರೆ ಬೇಡ ಅನ್ಬೇಕು.”

“ಏಟು ಬಿದ್ರೆ?”

“ವಿಮೆ ಇದೆ. ಆ ಕಾಗದವನ್ನೂ ಕೇಳಿ ನೋಡ್ಕೊಳ್ಳಿ.”

ಟೈಲರಮ್ಮ ಬಾಯಿ ಹಾಕಿದರು. “ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ? ಒಳಗಿನಿಂದ ಚಿಲಕ?”

“ಇದೆ. ಚಿಲಕಕ್ಕಾಗಿ ಎರಡು ವರ್ಷದ ಹಿಂದೆ ನಾವೇ ಜಗಳ ಆಡಿದ್ವಿ.”

“ಆರು ತಿಂಗಳಾದ್ಮೇಲೆ ಕೆಲಸ ಕೊಟ್ಟೇ ಕೊಡ್ತಾರಾ?” ಎಂದರು ಮೇಸ್ತ್ರಿ.

“ಇಲ್ಲ.” ಬೂಟಕ್ಕ ನೇರವಾಗಿ ಹೇಳಿದಳು. “ಕೊಟ್ಟೇ ಕೊಡ್ತೀವಿ ಅಂತ ಯಾರೂ ಬರ್ಕೊಡಲ್ಲ. ಪ್ರಮಾಣಪತ್ರ ಕೊಡ್ತಾರೆ, ಕೆಲಸ ಕಲಿಸ್ತಾರೆ. ನಮ್ಮ ಸೈಟಲ್ಲಿ ಹಿಂದಿನ ತಂಡದ ಏಳು ಜನರಲ್ಲಿ ಐದು ಜನ ಇದೇ ಕೆಲಸದಲ್ಲಿದ್ದಾರೆ. ಒಬ್ಬಳು ಮುಂದೆ ಓದೋಕೆ ಹೋದ್ಲು. ಒಬ್ಬನಿಗೆ ಹಿಡಿಸ್ಲಿಲ್ಲ, ಬಿಟ್ಟ.”

‘ಇಲ್ಲ’ ಎಂದದ್ದೇ ಮೇಸ್ತ್ರಿಗೆ ಹಿಡಿಸಿತು. ಎಲ್ಲಕ್ಕೂ ಹೂಂ ಎನ್ನುವವರ ಗೋಡೆಯನ್ನು ಅವರು ಬಹಳ ಕಂಡಿದ್ದರು. ಅರ್ಜಿಯನ್ನು ಹೊಲಿಗೆ ಯಂತ್ರದ ಹಲಗೆಯ ಮೇಲಿಟ್ಟು, ತಮ್ಮ ಪೂರ್ತಿ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ, ಒಂದೊಂದೇ ಇಟ್ಟಿಗೆ ಇಟ್ಟಂತೆ ಬರೆದರು. ಜಾಗ ಸಾಲದೆ ಕೊನೆಯ ಎರಡು ಅಕ್ಷರ ಅಂಚು ದಾಟಿ ಹೋದವು. ಮಗಳು ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. “ಬಿಡೇ, ಉಸಿರು ಕಟ್ಟುತ್ತೆ,” ಎಂದರು ಅವರು, ಬಿಡಿಸಿಕೊಳ್ಳದೆ.

ಆಗ ಫೋನ್ ಹೊಡೆದುಕೊಳ್ಳತೊಡಗಿತು.

ಅದು ಯಾರದೆಂದು ಎಲ್ಲರಿಗೂ ಗೊತ್ತು. ಮೇಸ್ತ್ರಿ ಪೆನ್ನಿನ ಮುಚ್ಚಳ ಹುಡುಕಿ, ಮುಚ್ಚಿ, ಫೋನಿನ ಬಳಿ ಹೋಗುವಷ್ಟರಲ್ಲಿ, ಇದನ್ನು ಓದುತ್ತಿರುವ ಅಥವಾ ಕೇಳುತ್ತಿರುವ ನಿಮಗೆ ಒಂದು ಮಾತು.

ನೀವು ಕಾಲೇಜಿನಲ್ಲಿದ್ದರೆ, ಮುಂದೇನು ಎಂಬ ಪ್ರಶ್ನೆ ನಿಮ್ಮನ್ನೂ ಕಾಡುತ್ತಿರಬಹುದು. ನಿಮ್ಮ ಬಸ್ಸಿನ ಕಿಟಕಿಯಿಂದ ದಿನವೂ ಯಾವುದೋ ಕಟ್ಟಡ ಏಳುವುದನ್ನು ನೋಡುತ್ತೀರಲ್ಲ, ಅಲ್ಲಿ ಕಾಣುವುದು ಸಿಮೆಂಟು ಮತ್ತು ಬೆವರು ಮಾತ್ರ. ಕಾಣದಿರುವುದು ಬಹಳ ಇದೆ. ಗಣಿತ ಬಲ್ಲವರಿಗೆ ಅಳತೆ ಇದೆ, ಚಿತ್ರ ಬಿಡಿಸುವವರಿಗೆ ನಕ್ಷೆ ಇದೆ, ಯಂತ್ರ, ಮಣ್ಣು, ನೀರು, ವಿದ್ಯುತ್ತು, ಕಂಪ್ಯೂಟರು ಯಾವುದರ ಮೇಲೆ ಮನಸ್ಸಿದ್ದರೂ ಒಂದು ಬಾಗಿಲು ಇದೆ. ಜನರ ಜೊತೆ ಮಾತಾಡಬಲ್ಲವರಂತೂ ಅಲ್ಲಿ ಬೇಕೇ ಬೇಕು. ನಿಮ್ಮ ಕಾಲೇಜಿನಲ್ಲಿ ಇಂಥ ತರಬೇತಿ ಇದೆಯೇ ಎಂದು ಈ ವಾರವೇ ಹೋಗಿ ಕೇಳಿ. ಒಂದು ದಿನ ಸೈಟಿಗೆ ಹೋಗಿ ನೋಡಿ. ಸೇರುವ ಮುಂಚೆ ಮೇಸ್ತ್ರಿ ಕೇಳಿದ ಪ್ರಶ್ನೆಗಳನ್ನೆಲ್ಲ ಕೇಳಿ, ಒಂದನ್ನೂ ಬಿಡಬೇಡಿ. ನೀವು ತಂದೆ ತಾಯಿಯಾಗಿದ್ದರೆ ಮಕ್ಕಳ ಜೊತೆ ನೀವೂ ಹೋಗಿ. ತುರುಬು ಮಾತ್ರ ಕೆಳಗೆ ಕಟ್ಟಿಕೊಳ್ಳಿ.

ಮೇಸ್ತ್ರಿ ಫೋನ್ ಎತ್ತಿದರು. ಎಲ್ಲರಿಗೂ ಕೇಳಲೆಂದು ಟೈಲರಮ್ಮ ಸ್ಪೀಕರ್ ಒತ್ತಿದರು.

“ಭಾವ! ಇವತ್ತು ಶುಕ್ರವಾರ. ಏನಂದ್ಲು ನನ್ನ ಸೊಸೆ?”

“ಅವಳು ಸೈಟಿಗೆ ಹೋಗ್ತಾಳೆ ಕಣಪ್ಪ. ಸಹಿ ಹಾಕ್ದೆ.”

ಟೈಲರಮ್ಮನ ತಮ್ಮ ಕೆಟ್ಟವನಲ್ಲ. ಅಕ್ಕನ ಮಗಳ ಮೇಲೆ ಅವನಿಗೆ ನಿಜವಾದ ಅಕ್ಕರೆ ಇತ್ತು.

“ಭಾವ, ಯೋಚಿಸಿದ್ದೀರಾ? ಹೆಣ್ಣುಮಗು, ಬಿಸಿಲು, ಧೂಳು...”

“ಯೋಚಿಸಿದ್ದೀನಿ.”

“ಸರಿ, ಒಂದು ಕೆಲಸ ಮಾಡ್ತೀನಿ. ನಮ್ಮ ಸಾಹೇಬರಿಗೆ ಹೇಳಿ ಈ ಜಾಗನ ಆರು ತಿಂಗಳು ಹಾಗೇ ಹಿಡಿದಿಡಿಸ್ತೀನಿ. ಯಾರಿಗೂ ಕೊಡಲ್ಲ. ಅಲ್ಲಿ ಸಾಕಾಯ್ತು ಅಂತ ಅನ್ನಿಸಿದ ದಿನ ಸೀದಾ ಬಂದು ಕೂತ್ಕೊಳ್ಳಲಿ. ಹೇಗೂ ಇರ್ಲಿ ಅಂತ. ಆಗ್ಬಹುದಾ?”

ಮೇಸ್ತ್ರಿ ಮಗಳ ಕಡೆ ನೋಡಿದರು. ಅವಳು ಆಗಲೇ ಅರ್ಜಿಯನ್ನು ಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಬಾಗಿಲಲ್ಲಿ ಬೂಟಕ್ಕನ ಪಕ್ಕ ನಿಂತಿದ್ದಳು.

“ಬೇಡ,” ಎಂದರು ಮೇಸ್ತ್ರಿ.